ಥೈರಾಯ್ಡ್ ಗಂಟು ಕ್ಯಾನ್ಸರಾ ಅಲ್ವಾ ಅಂತ ಪ್ರೋಟೀನ್ ಟೆಸ್ಟ್‌ನಲ್ಲಿ ಗೊತ್ತಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಯಾದಗಿರಿಯಲ್ಲಿರುವ ನಿಮ್ಮ ತಾಯಿಯವರ ಕುತ್ತಿಗೆಯಲ್ಲಿ ಗಂಟು ಇದೆ. ಸೂಜಿ ಚುಚ್ಚಿ ಮಾಡಿದ ಎಫ್‌ಎನ್‌ಎಸಿ ರಿಪೋರ್ಟಿನಲ್ಲಿ 'ಬೆಥೆಸ್ಡಾ 4, ಫಾಲಿಕ್ಯುಲರ್ ನಿಯೋಪ್ಲಾಸಂ' ಅಂತ ಬಂದಿದೆ, ಅಂದರೆ ಸೂಜಿ ಪರೀಕ್ಷೆಯ ಆರು ಗುಂಪುಗಳಲ್ಲಿ ನಾಲ್ಕನೆಯದು, ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಸೂಜಿಯಿಂದ ಹೇಳಲಾಗದ ಗಂಟು. ಡಾಕ್ಟರು ಅರ್ಧ ಥೈರಾಯ್ಡ್ ತೆಗೆಯೋಣ ಅಂದಿದ್ದಾರೆ. ಯಾವುದಾದರೂ ಪ್ರೋಟೀನ್ ಮಾರ್ಕರ್ ಟೆಸ್ಟ್ ಮಾಡಿಸಿ ಆಪರೇಶನ್ ತಪ್ಪಿಸಬಹುದಾ ಅಂತ ನೀವು ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಸ್ಲೈಡಿಗೆ ಬಣ್ಣ ಹಾಕುವುದು ನನ್ನ ಕೆಲಸ, ರಿಪೋರ್ಟಿಗೆ ಸಹಿ ಹಾಕುವುದಲ್ಲ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಿ. ಟೆಸ್ಟ್ ಇದೆ. ಅನುಮಾನ ತಕ್ಕಮಟ್ಟಿಗೆ ಕಡಿಮೆ ಮಾಡುತ್ತದೆ. ಆದರೆ ಬೆಥೆಸ್ಡಾ 4 ಬಂದಾಗ ಅದೊಂದನ್ನೇ ನಂಬಿ ಆಪರೇಶನ್ ಬಿಡುವಷ್ಟು ಗಟ್ಟಿ ಅಲ್ಲ.

ಮೊದಲು ರಕ್ತದ ವಿಷಯ ಮುಗಿಸಿಬಿಡೋಣ. 'ಕ್ಯಾನ್ಸರ್ ಮಾರ್ಕರ್' ಅಂದ ಕೂಡಲೇ ಜನ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ತಯಾರಿಸುವ ಒಂದು ಪ್ರೋಟೀನ್) ಟೆಸ್ಟ್ ಮಾಡಿಸಿಕೊಂಡು ಬರುತ್ತಾರೆ. ಆಪರೇಶನ್‌ಗೆ ಮುಂಚೆ ಅದು ಸುಮ್ನೆ ದುಡ್ಡು ದಂಡ. ಸಾದಾ ಗಂಟಿನಲ್ಲೂ ಅದು ಏರುತ್ತದೆ, ಥೈರಾಯ್ಡ್ ಬಾವು ಬಂದರೂ ಏರುತ್ತದೆ, ಕ್ಯಾನ್ಸರಿನಲ್ಲೂ ಏರುತ್ತದೆ. ಕ್ಯಾನ್ಸರ್ ಅಂತ ಖಚಿತವಾಗಿ ಪೂರ್ತಿ ಥೈರಾಯ್ಡ್ ತೆಗೆದ ಮೇಲೆ, ರೋಗ ಮರಳಿ ಬಂತಾ ಅಂತ ನೋಡುವುದಕ್ಕೆ ಅದು ಬೇಕು. ಕ್ಯಾಲ್ಸಿಟೋನಿನ್ ಅನ್ನುವ ಇನ್ನೊಂದು ರಕ್ತ ಪರೀಕ್ಷೆಯ ಕತೆ ಬೇರೆ. ಮೆಡ್ಯುಲರಿ ಅನ್ನುವ ಅಪರೂಪದ ಥೈರಾಯ್ಡ್ ಕ್ಯಾನ್ಸರನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಹೇಳಿ, ಈ ಟೆಸ್ಟ್ ಬೇಕಾ ಅಂತ ಕೇಳಿ.

ನೀವು ಕೇಳುತ್ತಿರುವ ಮಾರ್ಕರ್‌ಗಳನ್ನು ನೋಡುವುದು ರಕ್ತದಲ್ಲಲ್ಲ, ಗಂಟಿನಿಂದ ತೆಗೆದ ಜೀವಕೋಶಗಳಲ್ಲಿ. ಗ್ಯಾಲೆಕ್ಟಿನ್-3, ಎಚ್‌ಬಿಎಂಇ-1, ಸೈಟೋಕೆರಾಟಿನ್-19, ಈ ಮೂರರ ಹೆಸರು ಜಾಸ್ತಿ ಕೇಳುತ್ತೀರಿ. ಸೂಜಿಯಲ್ಲಿ ಉಳಿದದ್ದನ್ನು ಫಾರ್ಮಲಿನ್‌ಗೆ ತೊಳೆದು, ತಿರುಗಿಸಿ, ಕೆಳಗೆ ಕೂತ ಚೂರನ್ನು ಮೇಣದಲ್ಲಿ ಕೂರಿಸುತ್ತೇವೆ. ಇದಕ್ಕೆ ಸೆಲ್ ಬ್ಲಾಕ್ ಅನ್ನುತ್ತಾರೆ. ಅದರಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕೊಯ್ದು, ಆ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಬರುತ್ತದೆ, ಉಳಿದ ನ್ಯೂಕ್ಲಿಯಸ್‌ಗಳು ನೀಲಿ.

ಆರೋಗ್ಯವಾಗಿರುವ ಥೈರಾಯ್ಡ್ ಕೋಶದಲ್ಲಿ ಗ್ಯಾಲೆಕ್ಟಿನ್-3 ಸಾಮಾನ್ಯವಾಗಿ ಕಾಣುವುದಿಲ್ಲ, ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಢಾಳಾಗಿ ಕಾಣುತ್ತದೆ. ಕೇಳಲು ಸುಲಭ. ಆದರೆ ಮ್ಯಾಕ್ರೋಫೇಜ್ ಅನ್ನುವ ಕಸ ಗುಡಿಸುವ ಕೋಶಗಳಲ್ಲೂ ಇದೇ ಪ್ರೋಟೀನ್ ತುಂಬಿರುತ್ತದೆ. ಗಂಟಿನಲ್ಲಿ ನೀರು ಕಟ್ಟಿದ್ದರೆ ಸ್ಲೈಡ್ ತುಂಬಾ ಅವೇ. ಕಂದು ಬಂತು ಅಂತ ಕುಣಿಯುವ ಮುಂಚೆ ಯಾವ ಕೋಶಕ್ಕೆ ಬಂತು ಅಂತ ನೋಡಬೇಕು. ಹಾಶಿಮೋಟೋ ಬಾವು (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿಬೀಳುವ ಕಾಯಿಲೆ) ಇದ್ದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಗ್ಯಾಲೆಕ್ಟಿನ್-3, ಸೈಟೋಕೆರಾಟಿನ್-19 ಎರಡೂ ಬಣ್ಣ ಹಿಡಿಯಬಹುದು. ಅದಕ್ಕೇ ಒಂದನ್ನೇ ನೋಡದೆ ಎರಡು ಮೂರು ಒಟ್ಟಿಗೆ ಹಾಕುವುದು.

ಈಗ ಲೆಕ್ಕ. 2008ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ'ಯಲ್ಲಿ ಬಂದ ಇಟಲಿಯವರ ದೊಡ್ಡ ಅಧ್ಯಯನ ನಿಮ್ಮ ತಾಯಿಯವರದ್ದರಂಥ ಗೊಂದಲದ ಗಂಟುಗಳ ಮೇಲೇ ನಡೆದದ್ದು. ಅದರಲ್ಲಿ ಗ್ಯಾಲೆಕ್ಟಿನ್-3 ಕ್ಯಾನ್ಸರ್‌ಗಳಲ್ಲಿ 78% ಹಿಡಿಯಿತು. ಕ್ಯಾನ್ಸರ್ ಅಲ್ಲದ ಗಂಟುಗಳಲ್ಲಿ 93%ಕ್ಕೆ ಸರಿಯಾಗಿ 'ಇಲ್ಲ' ಅಂದಿತು. 2023ರ ಬೆಥೆಸ್ಡಾ ಪಟ್ಟಿ ಪ್ರಕಾರ 4ನೇ ಗುಂಪಿನಲ್ಲಿ ಸರಾಸರಿ 30% ಕ್ಯಾನ್ಸರ್. ಎರಡನ್ನೂ ಸೇರಿಸಿ ನೂರು ಜನರನ್ನು ಕೂರಿಸಿ ನೋಡಿ. ಕ್ಯಾನ್ಸರ್ ಇರುವ 30 ಜನರಲ್ಲಿ ಸುಮಾರು 23 ಜನ ಸಿಕ್ಕಿಬೀಳುತ್ತಾರೆ, 7 ಜನ ತಪ್ಪಿಸಿಕೊಳ್ಳುತ್ತಾರೆ. ಇಲ್ಲದ 70 ಜನರಲ್ಲಿ 5 ಜನರನ್ನು ಟೆಸ್ಟ್ ಸುಮ್ನೆ ಹೆದರಿಸುತ್ತದೆ. ಅಂದರೆ 'ನೆಗೆಟಿವ್' ಅನ್ನಿಸಿಕೊಂಡ 72 ಜನರಲ್ಲಿ 7 ಜನರಿಗೆ ಕ್ಯಾನ್ಸರ್ ಇದ್ದೇ ಇದೆ, ಹೆಚ್ಚುಕಮ್ಮಿ ಹತ್ತಕ್ಕೊಬ್ಬರು. 30%ದಿಂದ 10%ಕ್ಕೆ ಇಳಿಯುವುದು ಸಣ್ಣ ಮಾತಲ್ಲ. ಆದರೆ ಆ ಹತ್ತನೆಯವರು ನಮ್ಮ ಅವ್ವನೇ ಆದರೆ?

ಈ ಟೆಸ್ಟ್ ಹೀಗೆ ಸೋಲುವುದಕ್ಕೆ ಒಂದು ಕಾರಣ ಇದೆ. ಫಾಲಿಕ್ಯುಲರ್ ಗಂಟಿನಲ್ಲಿ ಕ್ಯಾನ್ಸರ್ ಕೋಶವೂ ಸಾದಾ ಕೋಶವೂ ನೋಡಲು ಒಂದೇ ಥರ. ವ್ಯತ್ಯಾಸ ಇರುವುದು ಗಂಟಿನ ಹೊರಗಿನ ಪೊರೆಯಲ್ಲಿ. ಕೋಶಗಳು ಪೊರೆ ಒಡೆದು ಹೊರಗೆ ಬಂದಿದ್ದರೆ ಅಥವಾ ರಕ್ತನಾಳಕ್ಕೆ ನುಗ್ಗಿದ್ದರೆ ಕ್ಯಾನ್ಸರ್, ಇಲ್ಲದಿದ್ದರೆ ಅಡೆನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ನಮ್ಮ ಗಂಜ್‌ನಲ್ಲಿ ತೊಗರಿ ಚೀಲಕ್ಕೆ ಸಲಾಕೆ ಚುಚ್ಚಿ ನಾಲ್ಕು ಕಾಳು ಹೊರಗೆ ಎಳೆದು ನೋಡುತ್ತಾರಲ್ಲ, ಹಾಗೆ ಈ ಸೂಜಿ ಪರೀಕ್ಷೆ. ಕಾಳು ಹೇಗಿದೆ ಅಂತ ಗೊತ್ತಾಗುತ್ತದೆ, ಚೀಲ ಎಲ್ಲಿ ಹರಿದಿದೆ ಅಂತ ಗೊತ್ತಾಗಲ್ಲ. ಪ್ರೋಟೀನ್ ಬಣ್ಣವೂ ಕಾಳನ್ನೇ ನೋಡುವುದು. ಡಾಕ್ಟರು ಆ ಭಾಗವನ್ನೇ ತೆಗೆಯಬೇಕು ಅನ್ನುವುದು ಇದಕ್ಕೇ. ಪೂರ್ತಿ ಪೊರೆ ಕಣ್ಣಿಗೆ ಬೀಳಬೇಕು.

ಹಾಗೆ ತೆಗೆದರೂ ಎಲ್ಲ ಸಲ ಕಪ್ಪು ಬಿಳುಪು ಇರುವುದಿಲ್ಲ. ಮೊದಲು ಪ್ಯಾಪಿಲರಿ ಕ್ಯಾನ್ಸರ್ ಅಂತಿದ್ದ ಒಂದು ಬಗೆಗೆ 2016ರಲ್ಲಿ ನಿಫ್ಟ್‌ಪಿ ಅಂತ ಹೆಸರಿಟ್ಟು 'ಕ್ಯಾನ್ಸರ್' ಪದವನ್ನೇ ಕಿತ್ತುಹಾಕಿದರು. ಪೊರೆ ದಾಟದಿದ್ದರೆ ಅದು ಅಷ್ಟು ಸಾಧು.

ಬಿರಾಫ್ ವಿ600ಇ (ಬಿರಾಫ್ ಅನ್ನುವ ಜೀನ್‌ನಲ್ಲಿ ಆಗುವ ಒಂದು ಬದಲಾವಣೆ) ಬಗ್ಗೆಯೂ ಕೇಳಿದ್ದೀರಿ. ಅದು ಪಾಸಿಟಿವ್ ಬಂದರೆ ಹೆಚ್ಚುಕಮ್ಮಿ ಪ್ಯಾಪಿಲರಿ ಕ್ಯಾನ್ಸರ್ ಅಂತಲೇ. ನೆಗೆಟಿವ್ ಬಂದರೆ ಸಮಾಧಾನ ಪಡಬೇಡಿ. ಫಾಲಿಕ್ಯುಲರ್ ಗುಂಪಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಆ ಬದಲಾವಣೆ ಇರುವುದೇ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಎಫ್‌ಎನ್‌ಎಸಿ ಮಾಡಿದ ಲ್ಯಾಬಿಗೆ ಹೋಗಿ ಸೆಲ್ ಬ್ಲಾಕ್ ಇದೆಯಾ ಅಂತ ಕೇಳುತ್ತಿದ್ದೆ. ಇದ್ದರೆ ಅದನ್ನೂ ಸ್ಲೈಡುಗಳನ್ನೂ ತೆಗೆದುಕೊಂಡು ಥೈರಾಯ್ಡ್ ಜಾಸ್ತಿ ನೋಡುವ ಪೆಥಾಲಜಿಸ್ಟ್ ಹತ್ತಿರ ಎರಡನೇ ಅಭಿಪ್ರಾಯ. ಹೈದರಾಬಾದಿಗೋ ಬೆಂಗಳೂರಿಗೋ ಸ್ಲೈಡ್ ಹೋದರೆ ಸಾಕು, ಅವ್ವ ಹೋಗಬೇಕಿಲ್ಲ. ನನ್ನ ಕಣ್ಣಲ್ಲಿ ಇದು ಹೊಸ ಮಾರ್ಕರ್ ಟೆಸ್ಟಿಗಿಂತ ದುಡ್ಡಿಗೆ ಬಾಳುವ ಕೆಲಸ. ಬ್ಲಾಕ್ ಇಲ್ಲದಿದ್ದರೆ, ಬರೀ ಮಾರ್ಕರ್‌ಗೋಸ್ಕರ ಮತ್ತೆ ಸೂಜಿ ಚುಚ್ಚಿಸುವುದು ಬೇಕಾ ಅಂತ ಡಾಕ್ಟರ ಹತ್ತಿರ ಮಾತಾಡಿ. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಟೈರಾಡ್ಸ್ ಅಂತ, ಗಂಟು ಎಷ್ಟು ಅನುಮಾನದ್ದು ಅಂತ ಹೇಳುವ ಒಂದು ಅಂಕಿ ಇರುತ್ತದೆ, ಅದನ್ನೂ ಟಿಎಸ್‌ಎಚ್ ರಿಪೋರ್ಟನ್ನೂ ಜೊತೆಗಿಡಿ.

ಆಪರೇಶನ್ ಆಗಲಿ ಅಂತ ತೀರ್ಮಾನ ಆದರೆ, ಅರ್ಧ ಮಾತ್ರ ತೆಗೆಯುತ್ತಾರಾ, ಕ್ಯಾನ್ಸರ್ ಅಂತ ಬಂದರೆ ಎರಡನೇ ಸಲ ಒಳಗೆ ಹೋಗಬೇಕಾಗುತ್ತಾ, ಧ್ವನಿಯ ನರಕ್ಕೆ ಎಷ್ಟು ಅಪಾಯ, ಇವನ್ನು ಸರ್ಜನ್ ಹತ್ತಿರ ಕೇಳಿಕೊಳ್ಳಿ. ಉಳಿದ ಅರ್ಧ ಸಾಕಷ್ಟು ಕೆಲಸ ಮಾಡಿದರೆ ಮಾತ್ರೆ ಬೇಡ, ಮಾಡದಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್. ರಿಪೋರ್ಟಿನ ಫೋಟೋ ಇಲ್ಲಿ ಹಾಕುವುದಾದರೆ ಹೆಸರು, ಫೋನ್ ನಂಬರ್ ಮುಚ್ಚಿ ಹಾಕಿ.