ಕೋಡ್ ಕಾಣಿಸಿದರೆ ಸ್ವತಂತ್ರ ಆಯ್ತಾ?

ಪ್ರಶ್ನೆ: ಕೋಲಾರ ಎಪಿಎಂಸಿಯಲ್ಲಿ ನಮ್ಮಣ್ಣನಿಗೆ ಟೊಮೆಟೊ ಮಂಡಿ ಇದೆ. ಬಾಕ್ಸ್ ಲೆಕ್ಕ, ಕೂಲಿ, ಲಾರಿ ಬಾಡಿಗೆ ಎಲ್ಲ ಹಾಕಿ ಬಿಲ್ ತೆಗೆಯುವ ಪ್ರೋಗ್ರಾಮ್ ಬರೆದಿದ್ದೇನೆ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಇಂಟರ್ನೆಟ್ಟಿನಲ್ಲಿ ಹಾಕಿದ್ದೇನೆ, ದುಡ್ಡೂ ಕೇಳಿಲ್ಲ. ‘ಇದನ್ನು ಯಾರೂ ವ್ಯಾಪಾರಕ್ಕೆ ಬಳಸಬಾರದು’ ಎಂದು ಒಂದೇ ಒಂದು ಸಾಲು ಸೇರಿಸಿದ್ದೇನೆ. ಹಾಗಾದರೆ ಇದು ಸ್ವತಂತ್ರ ತಂತ್ರಾಂಶ ಅಲ್ಲ ಅನ್ನುತ್ತಾನೆ ಗೆಳೆಯ. ನಿಜಾನಾ?
– ಓದುಗರು, ಕೋಲಾರ

ಉತ್ತರ: ನಿಜ. ಆ ಒಂದು ಸಾಲೇ ತೊಡಕು.

ಇಂಗ್ಲಿಷಿನಲ್ಲಿ ಪುಕ್ಕಟೆಗೂ ‘ಫ್ರೀ’, ಸ್ವತಂತ್ರಕ್ಕೂ ‘ಫ್ರೀ’. ಕನ್ನಡದಲ್ಲಿ ಎರಡೂ ಬೇರೆ ಮಾತು, ನಾವು ಎಡವಬೇಕಿಲ್ಲ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆ, ತಂತ್ರಾಂಶ ಸ್ವತಂತ್ರವೋ ಅಲ್ಲವೋ ಎಂದು ಹೇಳುವಾಗ ಬೆಲೆಯನ್ನು ನೋಡುವುದೇ ಇಲ್ಲ. ಯಾವ ಕೆಲಸಕ್ಕಾದರೂ ಬಳಸಬಹುದಾ, ಒಳಗೆ ನೋಡಿ ಬದಲಾಯಿಸಬಹುದಾ, ಪ್ರತಿ ಹಂಚಬಹುದಾ, ಬದಲಾಯಿಸಿದ್ದನ್ನೂ ಹಂಚಬಹುದಾ ಎಂದು ನೋಡುತ್ತದೆ. ಯಾವ ಕೆಲಸಕ್ಕಾದರೂ ಅಂದಮೇಲೆ ವ್ಯಾಪಾರವೂ ಬಂತು. ಮಂಡಿ ಅಂದರೇನೇ ವ್ಯಾಪಾರ ಅಲ್ವಾ? ಪಕ್ಕದ ಮಂಡಿಯವರು ನಿಮ್ಮ ಪ್ರೋಗ್ರಾಮಿನಲ್ಲಿ ಒಂದು ಬಿಲ್ ತೆಗೆದರೂ ನಿಮ್ಮ ಸಾಲು ಮುರಿದಂತೆ.

ನಾನು ಚಿಂತಾಮಣಿಯ ಮಂಡಿಯೊಂದರಲ್ಲಿ ಎಂಟು ವರ್ಷ ಲೆಕ್ಕ ಬರೆದವನು. ಪುಕ್ಕಟೆ ಸಿಕ್ಕಿತೆಂದು ಒಂದು ಪ್ರೋಗ್ರಾಮ್ ಹಾಕಿಸಿಕೊಂಡಿದ್ದೆವು. ಮೂರನೇ ವರ್ಷ ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ಅದು ತೆರೆಯಲೇ ಇಲ್ಲ. ಮಾಡಿದವರು ಅದನ್ನು ಕೈಬಿಟ್ಟಿದ್ದರು. ಬೇರೆಯವರ ಕೈಲಿ ಸರಿ ಮಾಡಿಸೋಣ ಅಂದರೆ ಕೋಡೂ ಇಲ್ಲ, ಮುಟ್ಟುವ ಹಕ್ಕೂ ಇಲ್ಲ. ಬಿಲ್ ಪುಸ್ತಕದ ಕಾರ್ಬನ್ ಪ್ರತಿಗಳನ್ನು ನೆಲದ ಮೇಲೆ ಹರವಿಕೊಂಡು ಒಬ್ಬೊಬ್ಬ ರೈತರ ಬಾಕಿ ಮತ್ತೆ ಬರೆದೆ. ಹನ್ನೊಂದು ರಾತ್ರಿ ಹಿಡಿಯಿತು. ಮಸಿ ಮಾಸಿ 3 ಯಾವುದು, 8 ಯಾವುದು ತಿಳಿಯುತ್ತಿರಲಿಲ್ಲ. ಒಬ್ಬ ಅಜ್ಜ ತಮ್ಮ ಬಿಲ್ಲನ್ನು ಪಂಚೆಯ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಅದನ್ನು ಬಿಚ್ಚಿ ತೋರಿಸಿದ ಮೇಲೆ 83 ಬಾಕ್ಸು ಎಂದು ಖಾತ್ರಿಯಾಯಿತು.

ಹಾಗಂತ ಕೋಡ್ ಕಣ್ಣಿಗೆ ಕಂಡರಷ್ಟೇ ಸಾಲದು. ಲೈಸೆನ್ಸೇ, ಅಂದರೆ ಬಳಸಲು ಕೊಡುವ ಅನುಮತಿ ಪತ್ರವೇ, ಹಾಕದಿದ್ದರೆ ಎಲ್ಲ ಸಲೀಸು ಎಂದು ಸುಮಾರು ಜನ ತಿಳಿದಿದ್ದಾರೆ. ಅದು ಉಲ್ಟಾ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಅನುಮತಿ ಬರೆದು ಕೊಡದಿದ್ದರೆ ಹಕ್ಕೆಲ್ಲ ಬರೆದವರ ಬಳಿಯೇ ಉಳಿಯುತ್ತದೆ.

ನಿಮ್ಮ ದುಡಿಮೆಯನ್ನು ಯಾರೋ ಎತ್ತಿಕೊಂಡು, ಕೋಡ್ ಮುಚ್ಚಿಟ್ಟು ಬೀಗ ಹಾಕಿ ಮಾರುತ್ತಾರೆ ಅನ್ನುವ ಭಯದಿಂದ ಆ ಸಾಲು ಬರೆದಿದ್ದೀರಿ ಅನ್ನಿಸುತ್ತದೆ. ಆ ಭಯ ನ್ಯಾಯವಾದದ್ದೇ. ಅದಕ್ಕೆ ಜಿಪಿಎಲ್ ಅನ್ನುವ ಸಿದ್ಧ ಲೈಸೆನ್ಸ್ ಇದೆ. ಮಾರುವುದನ್ನು ಅದು ತಡೆಯುವುದಿಲ್ಲ, ನೀವೂ ಮಾರಬಹುದು. ಆದರೆ ಮಾರಿದವರು ಕೊಂಡವರಿಗೆ ಕೋಡನ್ನೂ ಅದೇ ಹಕ್ಕುಗಳನ್ನೂ ಕೊಡಲೇಬೇಕು. ಎಂಐಟಿ ಅನ್ನುವ ಇನ್ನೊಂದು ಲೈಸೆನ್ಸ್ ಕೂಡ ಸ್ವತಂತ್ರವೇ. ಅಲ್ಲಿ ಮಾತ್ರ ಮುಂದಿನವರು ಬೀಗ ಹಾಕಿಕೊಳ್ಳಲು ಅಡ್ಡಿಯಿಲ್ಲ, ಅದಕ್ಕೇ ನಿಮಗೆ ಅದು ಬೇಡ.

ಆ ಸಾಲು ಅಳಿಸಿ. 2007ರ ಜಿಪಿಎಲ್ ಮೂರನೇ ಆವೃತ್ತಿಯನ್ನು ಒಂದಕ್ಷರ ಬಿಡದೆ ಒಂದು ಫೈಲಿನಲ್ಲಿ ಹಾಕಿ, ನಿಮ್ಮ ಹೆಸರು, ವರ್ಷ ಬರೆಯಿರಿ. ಆಮೇಲೆ ನನಗೊಂದು ಕಾಗದ ಹಾಕಿ. ಚಿಂತಾಮಣಿಯ ನಮ್ಮ ಹಳೇ ಮಂಡಿಗೆ ನಾನೇ ಹೋಗಿ ಅದನ್ನು ಹಾಕಿಕೊಟ್ಟು ಬರುತ್ತೇನೆ.