ಮಗು ಮಣ್ಣು ತಿನ್ನುತ್ತದೆ, ಅಜ್ಜಿ ಅಕ್ಕಿ ಹೆಕ್ಕುತ್ತಾರೆ

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಗುಂಡುಗುಂಡಾಗಿದ್ದಾನೆ, ತೂಕವೂ ಸರಿಯಿದೆ. ದಿನಕ್ಕೆ ಐದಾರು ಸಲ ಹಾಲು ಕುಡಿಯುತ್ತಾನೆ. ಉಳಿದಂತೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ, ಮೊಸರು, ಬಿಸ್ಕತ್ತು. ಎರಡು ತಿಂಗಳಿಂದ ಅಂಗಳದ ಮಣ್ಣು ತಿನ್ನುತ್ತಾನೆ, ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಾನೆ. ಪೆಟ್ಟು ಕೊಟ್ಟರೂ ಬಿಡುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಬಂದಿದೆ. ಅತ್ತೆ ಹುಳದ ಬಾಧೆ ಅನ್ನುತ್ತಾರೆ. ಹೊಟ್ಟೆ ತುಂಬ ಕೊಡುವ ನಮ್ಮ ಮನೆಯಲ್ಲಿ ಅಪೌಷ್ಟಿಕತೆ ಹೇಗೆ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಪೆಟ್ಟು ನಿಲ್ಲಿಸಿ. ಅವನದು ಹಟ ಅಲ್ಲ. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕು ಅನಿಸುವುದು ಕಬ್ಬಿಣದ ಕೊರತೆಯ ಒಂದು ಗುರುತು. ಕೊರತೆ ನೀಗಿದರೆ ಹೆಚ್ಚಿನ ಮಕ್ಕಳಲ್ಲಿ ಈ ಚಪಲ ತಾನಾಗಿ ಹೋಗುತ್ತದೆ. ಈ ವಯಸ್ಸಿಗೆ ಹಿಮೋಗ್ಲೋಬಿನ್ 11 ಇರಬೇಕು. 9.2 ಅಂದರೆ ಮಧ್ಯಮ ಮಟ್ಟದ ರಕ್ತಹೀನತೆ. ಗಾಬರಿ ಬೇಡ, ಆದರೆ ಸುಮ್ನೆ ಬಿಡುವ ಹಾಗೂ ಇಲ್ಲ.

ಅಪೌಷ್ಟಿಕತೆ ಅಂದ ಕೂಡಲೇ ನಮಗೆ ನೆನಪಾಗುವುದು ಟಿವಿಯಲ್ಲಿ ಕಂಡ, ಎಲುಬು ಎದ್ದು ಕಾಣುವ ದೂರದ ದೇಶದ ಮಗು. ಗುಂಡುಗುಂಡಾದ ಮಗುವಿನ ಒಳಗಿನ ಕೊರತೆ ಕಣ್ಣಿಗೆ ಬೀಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆಸ್ಪತ್ರೆ, ಶಾಲೆ ಎಲ್ಲದರಲ್ಲೂ ಮುಂದಿರುವ ನಮ್ಮ ಕೇರಳದಲ್ಲೂ ಶೇ 39. ಇಷ್ಟೂ ಮಕ್ಕಳು ಉಪವಾಸ ಇದ್ದವರಲ್ಲ.

ನಿಮ್ಮ ಮನೆಯಲ್ಲಿ ತಪ್ಪುತ್ತಿರುವುದು ಹಾಲಿನ ಲೆಕ್ಕ. ಹಾಲಲ್ಲಿ ಕಬ್ಬಿಣ ಇಲ್ಲವೆಂದೇ ಹೇಳಬಹುದು. ಅದು ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ. ಜೊತೆಗೆ ಅದರ ಸುಣ್ಣದಂಶ (ಕ್ಯಾಲ್ಸಿಯಂ), ತಿಂದ ಕಬ್ಬಿಣ ಮೈಗೆ ಸೇರುವುದನ್ನೂ ತಡೆಯುತ್ತದೆ. ಹಟ್ಟಿಯಲ್ಲಿ ದನ ಇರುವ ಮನೆಗಳಲ್ಲೇ ಇಂಥ ಮಕ್ಕಳನ್ನು ನಾನು ಜಾಸ್ತಿ ನೋಡಿದ್ದೇನೆ. ಪ್ರೀತಿಯಿಂದಲೇ ಕೊಡುತ್ತಾರೆ, ಏನು ಹೇಳುವುದು! ದಿನಕ್ಕೆ ಎರಡು ಲೋಟಕ್ಕೆ ಇಳಿಸಿ. ಊಟದ ಹೊತ್ತಿಗೆ ಬೇಡ.

ಅತ್ತೆಯ ಮಾತೂ ಪೂರ್ತಿ ತಪ್ಪಲ್ಲ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅದರ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ. ನಮ್ಮ ಅಡಿಕೆ ತೋಟದ ನೆರಳು, ತೇವ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಗುವಿಗೂ, ತೋಟಕ್ಕೆ ಇಳಿಯುವ ದೊಡ್ಡವರಿಗೂ ಚಪ್ಪಲಿ ಇರಲಿ. ಅಂಗನವಾಡಿಯಲ್ಲಿ ಕೊಡುವ ಹುಳದ ಮಾತ್ರೆ ತಪ್ಪಿಸಬೇಡಿ.

ಆದರೆ 9.2 ಇರುವ ಮಗುವಿಗೆ ಊಟ ಒಂದೇ ಸಾಲದು. ಕಬ್ಬಿಣದ ಸಿರಪ್ ಬೇಕು. ಎಷ್ಟು ಅಂತ ವೈದ್ಯರು ತೂಕ ನೋಡಿ ಬರೆಯುತ್ತಾರೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಮೈಯಲ್ಲಿ ದಾಸ್ತಾನು ತುಂಬಬೇಕಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಒಂದು ತಿಂಗಳು ಕೊಟ್ಟರೂ ಏರದಿದ್ದರೆ ಬೇರೆ ಕಾರಣ ಹುಡುಕಬೇಕು, ಮತ್ತೆ ವೈದ್ಯರ ಹತ್ತಿರ ಹೋಗಿ. ಬಾಟಲಿ ಮಾತ್ರ ಅಟ್ಟದ ಮೇಲಿರಲಿ. ಕಬ್ಬಿಣದ ಔಷಧಿಯನ್ನು ಮಗು ಒಂದೇ ಸಲ ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ.

ತಟ್ಟೆಯಲ್ಲಿ ಬೇಳೆ, ಹೆಸರುಕಾಳು, ಹರಿವೆ, ನುಗ್ಗೆಸೊಪ್ಪು ಬರಲಿ. ಮೀನು ತಿನ್ನುವ ಮನೆಯಾದರೆ ಬೂತಾಯಿ, ಮರುವಾಯಿ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಸೇರುವುದು ಕಡಿಮೆ. ಜೊತೆಗೆ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಸೇರುತ್ತದೆ. ಹಾಗಾಗಿ ಊಟಕ್ಕೆ ನಿಂಬೆ ಹಿಂಡಿ, ಒಂದು ತುಂಡು ಪೇರಳೆ ಕೊಡಿ. ಗೇರು ಹಣ್ಣಿನಲ್ಲಿ ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ವಿಟಮಿನ್ ಸಿ ಇದೆ. ನಾವು ಬೀಜ ಕಿತ್ತು ಹಣ್ಣನ್ನು ಗುಡ್ಡದಲ್ಲೇ ಕೊಳೆಯಲು ಬಿಡುತ್ತೇವೆ, ಪೇಟೆಯಿಂದ ಕಿತ್ತಳೆ ತರುತ್ತೇವೆ!

ಮೂರು ವರ್ಷದವರೆಗೆ ಅಂಗನವಾಡಿಯಿಂದ ಅಮೃತಂ ಪುಡಿ ಸಿಗುತ್ತದೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಸೇರಿಸಿ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಮಾಡುವಂಥದ್ದು. ಇದರ ಹುಟ್ಟು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲೇ. ಬಿಸ್ಕತ್ತಿನ ಬದಲು ಅದರ ಉಂಡೆ ಮಾಡಿ ಕೊಡಿ.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಅಲ್ಲಲ್ಲಿ ಬಣ್ಣ ಬೇರೆ ಇರುವ ಕಾಳು ಇರುತ್ತದೆ. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಅಂತ ವಾಟ್ಸಾಪ್‌ನಲ್ಲಿ ಬಂತು. ಅಜ್ಜಿ ಕನ್ನಡಕ ಹಾಕಿ ಕೂತು ಒಂದೊಂದೇ ಹೆಕ್ಕಿ ಬಿಸಾಡುತ್ತಾರೆ. ಸರಿಯಾ?
– ಓದುಗರು, ಪೆರ್ಲ

ಉತ್ತರ: ಅಜ್ಜಿಯ ಕಣ್ಣು ಚುರುಕಾಗಿದೆ, ಸಂತೋಷ. ಆದರೆ ಅವರು ಬಿಸಾಡುತ್ತಿರುವುದೇ ಆ ಅಕ್ಕಿಯ ಔಷಧಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಬೆರೆಸಿ, ಮೆಷಿನಿನಲ್ಲಿ ಮತ್ತೆ ಕಾಳಿನ ಆಕಾರಕ್ಕೆ ತರುತ್ತಾರೆ. ಸುಮಾರು 100 ಕಾಳಿಗೆ ಇಂಥ ಒಂದು ಕಾಳಿನ ಲೆಕ್ಕದಲ್ಲಿ ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದಲ್ವಾ, ಬಣ್ಣ ಸ್ವಲ್ಪ ಬೇರೆ, ಕೆಲವು ತೇಲುವುದೂ ಉಂಟು. ಬೇಯಿಸಿದರೆ ಅನ್ನವೇ ಆಗುತ್ತದೆ. ಪ್ಲಾಸ್ಟಿಕ್ ಬೆಂದು ಮೆತ್ತಗಾಗುತ್ತದೆಯೇ, ನೀವೇ ಹೇಳಿ. ಮನೆಯಲ್ಲಿ ಥಲಸ್ಸೀಮಿಯ (ಹುಟ್ಟಿನಿಂದ ಬರುವ ಒಂದು ರಕ್ತದ ಕಾಯಿಲೆ) ಇರುವವರಿದ್ದರೆ ಮಾತ್ರ ವೈದ್ಯರನ್ನು ಒಮ್ಮೆ ಕೇಳಿ.

ಈ ಅಕ್ಕಿಯೊಂದರಿಂದಲೇ ರಕ್ತಹೀನತೆ ಹೋಗುತ್ತದೆ ಎಂದು ನನಗೆ ನಂಬಿಕೆ ಇಲ್ಲ. ಸೊಪ್ಪು, ಬೇಳೆ, ಮೀನು ಇಲ್ಲದ ತಟ್ಟೆಗೆ ಅದು ಸಣ್ಣ ತೇಪೆ. ತೇಪೆಯನ್ನೂ ಯಾಕೆ ಕಿತ್ತು ಹಾಕಬೇಕು?

ಅಕ್ಕಿಯ ಮಾತು ಬಂದದ್ದಕ್ಕೆ ಹಳೆಯದೊಂದು ಸಂಗತಿ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಬೆನ್ನು ಹತ್ತಿದ್ದರು. ಕಾಲು ಸೋತು, ಹೃದಯ ಸೋತು ಜನ ಸಾಯುತ್ತಿದ್ದರು. ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳೂ ಅದೇ ರೀತಿ ಕುಸಿದವು. ತೌಡು ಕೊಟ್ಟಾಗ ಎದ್ದು ನಿಂತವು. ತೌಡಿನಲ್ಲಿದ್ದ ಬಿ1 ವಿಟಮಿನ್ನಿನ ಕತೆ ಅದು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಭತ್ತ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವಾಗ ತೌಡಿನ ಬಿ1 ಸ್ವಲ್ಪ ಕಾಳಿನ ಒಳಗೇ ಇಳಿಯುತ್ತದೆ. ಹಾಗಾಗಿ ಕುಚ್ಚಲಕ್ಕಿ ಉಣ್ಣುವವರಲ್ಲಿ ಬೆರಿಬೆರಿ ಅಪರೂಪ. ಬೆಳ್ತಿಗೆಯೇ ಬೇಕು ಅನ್ನುವ ಮಕ್ಕಳಿಗೆ ಇದನ್ನು ಹೇಳಿ. ಇನ್ನೊಂದು, ಅನ್ನ ಬಸಿದ ತಿಳಿಯಲ್ಲಿ ಬಿ ವಿಟಮಿನ್ ಸಾಕಷ್ಟು ಇಳಿದುಹೋಗುತ್ತದೆ. ಉಪ್ಪು ಹಾಕಿ ನೀವೇ ಕುಡಿಯಿರಿ. ಎಲ್ಲ ದನಕ್ಕೇ ಯಾಕೆ?

ಪ್ರಶ್ನೆ: ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ತಿಂದರೆ ಮಗಳಿಗೆ ಹೊಟ್ಟೆ ತೊಳಸುತ್ತದೆ. ಒಂಬತ್ತನೇ ತರಗತಿ. ನಿಲ್ಲಿಸಬಹುದಾ?
– ಓದುಗರು, ಉಪ್ಪಳ

ಉತ್ತರ: ನಿಲ್ಲಿಸಬೇಡಿ. ಬೆಳೆಯುವ ವಯಸ್ಸು, ಮೇಲಿಂದ ತಿಂಗಳ ಮುಟ್ಟು. ಕಬ್ಬಿಣ ಅವಳಿಗೆ ಹುಡುಗರಿಗಿಂತ ಜಾಸ್ತಿ ಬೇಕು. ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಬರಿ ಹೊಟ್ಟೆಗೆ ಹೋದರೆ ತೊಳಸುತ್ತದೆ. ಬೆಳಿಗ್ಗೆ ಚಾ ಒಂದೇ ಕುಡಿದು ಬಸ್ಸಿಗೆ ಓಡುವವಳಾ? ನನ್ನ ಅನುಮಾನ ಅದೇ. ಮಾತ್ರೆ ಮಧ್ಯಾಹ್ನದ ಊಟ ಆದ ಮೇಲೆ ನುಂಗಲಿ, ಟೀಚರಿಗೆ ಹೇಳಿಡಿ. ಚಾಕ್ಕೂ ಊಟಕ್ಕೂ ಒಂದು ಗಂಟೆ ಅಂತರ ಇರಲಿ, ಚಾದ ಒಗರು ಕಬ್ಬಿಣವನ್ನು ಹಿಡಿದುಬಿಡುತ್ತದೆ. ಇಷ್ಟಾದರೂ ವಾಂತಿಯಾದರೆ ವೈದ್ಯರಿಗೆ ತೋರಿಸಿ. ಮುಟ್ಟಿನಲ್ಲಿ ರಕ್ತ ತುಂಬ ಹೋಗುತ್ತಿದ್ದರೆ ಅದನ್ನೂ ಹೇಳಿ. ನಾಚಿಕೆಯಿಂದ ಹೆಚ್ಚಿನವರು ಬಾಯಿ ಬಿಡುವುದೇ ಇಲ್ಲ.

ಪ್ರಶ್ನೆ: ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದಾ?
– ಓದುಗರು, ಕುಂಬಳೆ

ಉತ್ತರ: ಬಣ್ಣ ಕೆಂಪು, ಅಷ್ಟೇ. ಎರಡರಲ್ಲೂ 100 ಗ್ರಾಂಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ರುಚಿಗೆ ತಿನ್ನಿ. ಆ ದುಡ್ಡಿಗೆ ಒಂದು ಸೇರು ಹುರುಳಿ ತಂದರೆ ಲಾಭ.

ಪ್ರಶ್ನೆ: ಅಮ್ಮನಿಗೆ 68. ಒಬ್ಬರೇ ಇರುತ್ತಾರೆ. ಮೂರು ಹೊತ್ತೂ ಗಂಜಿ, ಉಪ್ಪಿನಕಾಯಿ. ಮೀನು ಮೊಟ್ಟೆ ಮುಟ್ಟುವವರಲ್ಲ. ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ. ಈಗ ಪಾದ ಜೋಮು, ಮರೆವು. ವಯಸ್ಸಾಯಿತು ಅನ್ನುತ್ತಾರೆ.
– ಓದುಗರು, ಮುಳ್ಳೇರಿಯ

ಉತ್ತರ: ವಯಸ್ಸಿನ ಮೇಲೆ ಹಾಕುವ ಮೊದಲು ಬಿ12 ಪರೀಕ್ಷೆ ಮಾಡಿಸಿ. ಅದು ಸಹಜವಾಗಿ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ ಮಾತ್ರ. ಸಸ್ಯಾಹಾರಿಗೆ ಹಾಲು ಮೊಸರೇ ದಾರಿ, ಗಂಜಿಯಲ್ಲಿ ಅದೂ ಇಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೂ ಬಿ12 ಇಳಿಯುತ್ತದೆ. ಹಾಗಂತ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯಿಂದಲೂ ಜೋಮು ಬರುತ್ತದೆ, ಯಾವುದು ಅಂತ ವೈದ್ಯರು ಬಿಡಿಸಿ ಹೇಳಲಿ. ಬಿ12 ಕಡಿಮೆ ಇದ್ದರೆ ಇಂಜೆಕ್ಷನ್ ಅಥವಾ ಮಾತ್ರೆ ಕೊಡುತ್ತಾರೆ. ತಡ ಮಾಡಿದರೆ ನರಕ್ಕಾದ ಹಾನಿ ಉಳಿದುಬಿಡಬಹುದು, ಈ ವಾರವೇ ಕರೆದುಕೊಂಡು ಹೋಗಿ. ಮತ್ತೆ, ಒಬ್ಬರಿಗಾಗಿ ಯಾರು ಅಡಿಗೆ ಮಾಡುತ್ತಾರೆ, ಅಲ್ವಾ? ವಾರಕ್ಕೆ ಎರಡು ದಿನವಾದರೂ ಅವರ ಜೊತೆ ಕೂತು ಊಟ ಮಾಡಿ ಬನ್ನಿ.