ಹೈಕೋರ್ಟಿನಲ್ಲಿ ಸಾಕ್ಷಿಯನ್ನು ಮತ್ತೆ ಕಟಕಟೆಗೆ ಹತ್ತಿಸಬಹುದೇ?

ನೀವು ಕೇಳಿದ್ದು ಇಷ್ಟು. ಚಿಕ್ಕಪ್ಪನ ಮೇಲೆ ಹೂಡಿದ ಪಾಲಿನ ದಾವೆಯನ್ನು ತಾಲ್ಲೂಕಿನಲ್ಲೂ ಜಿಲ್ಲೆಯಲ್ಲೂ ಸೋತಿದ್ದೀರಿ. ಹಳೆಯ ಪಾಲುಪಟ್ಟಿಗೆ ಸಾಕ್ಷಿ ಹಾಕಿದ ಪಂಚರೊಬ್ಬರು ಹಸಿ ಸುಳ್ಳು ಹೇಳಿದ್ದಾರೆ. ಹೈಕೋರ್ಟಿಗೆ ಹೋದರೆ ಅವರನ್ನು ಮತ್ತೆ ಕರೆಸಿ ಕೇಳುತ್ತಾರೆಯೇ? ಅದೇ ಹೊಲದ ಬದುವಿನ ಮೇಲೆ ನಡೆದ ಹೊಡೆದಾಟದ ಕೇಸನ್ನೂ ಅಲ್ಲಿಯೇ ಒಟ್ಟಿಗೆ ಮುಗಿಸಿಕೊಳ್ಳಬಹುದೇ?

ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ನಿಮಗೆ ಉಪಯೋಗವಿಲ್ಲ.

ನಾನು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಶುರುಮಾಡಿ, 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದ ಮೇಲೆ ಅಲ್ಲಿಗೆ ಹೋದವನು. (2013ರಲ್ಲಿ ಅದು, ಕಲಬುರಗಿಯದೂ ಸೇರಿ, ಕಾಯಂ ಪೀಠವಾಯಿತು.) ಮೊದಲ ವರ್ಷ ನನ್ನ ಕಕ್ಷಿದಾರರೊಬ್ಬರು ಊರಿನ ಇಬ್ಬರು ಹಿರಿಯರಿಗೆ ಬಸ್ ಚಾರ್ಜು ಕೊಟ್ಟು, ಊಟದ ಬುತ್ತಿ ಕಟ್ಟಿಸಿಕೊಂಡು ಕರೆತಂದಿದ್ದರು, ಸಾಕ್ಷಿ ಹೇಳಿಸಲು. ಸಂಜೆಯವರೆಗೆ ಕೂತ ಹಿರಿಯರಲ್ಲಿ ಒಬ್ಬರು, ‘ಇಲ್ಲಿ ಯಾರೂ ನಮ್ಮ ಮುಖವನ್ನೇ ನೋಡಲಿಲ್ಲವಲ್ಲ’ ಎಂದರು. ಅವರಿಗೆ ಒಂದೇ ದಿನದಲ್ಲಿ ಅರ್ಥವಾದದ್ದು ಅನೇಕರಿಗೆ ವರ್ಷಗಟ್ಟಲೆ ಅರ್ಥವಾಗುವುದಿಲ್ಲ. ಮೇಲ್ಮನವಿಯಲ್ಲಿ ಹೈಕೋರ್ಟು ಮುಖ ನೋಡುವುದಿಲ್ಲ, ಕಾಗದ ಓದುತ್ತದೆ. ಕೆಳಗಿನ ನ್ಯಾಯಾಲಯದ ಕಡತ ಬರುತ್ತದೆ. ಅದರಲ್ಲಿ ಮುಖ್ಯ ವಿಚಾರಣೆ, ಪಾಟೀಸವಾಲು, ದಾಖಲೆ ಎಲ್ಲವೂ ಇರುತ್ತವೆ. ಸಾಮಾನ್ಯವಾಗಿ ಅದಕ್ಕೆ ಹೊಸದಾಗಿ ಒಂದು ಹಾಳೆ ಸೇರಿಸಬೇಕಾದರೂ ಬೇರೆ ಅರ್ಜಿ ಹಾಕಿ, ಇಷ್ಟು ದಿನ ಯಾಕೆ ತರಲಿಲ್ಲ ಎಂದು ಒಪ್ಪಿಸಬೇಕು. ಹೈಕೋರ್ಟೇ ನೇರವಾಗಿ ಸಾಕ್ಷಿಗಳನ್ನು ವಿಚಾರಿಸುವ ಪ್ರಕರಣಗಳೂ ಇವೆ. ಶಾಸಕ, ಸಂಸದರ ಆಯ್ಕೆಯನ್ನು ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿ ಅಂಥದ್ದು. ನಿಮ್ಮದು ಅದಲ್ಲ.

ಎಷ್ಟು ಕಾಗದ ಓದಬೇಕು ಎಂಬುದು ನೀವು ಯಾವ ಬಾಗಿಲಿನಿಂದ ಒಳಗೆ ಬಂದಿರಿ ಎಂಬುದರ ಮೇಲೆ ನಿಂತಿದೆ. ಕೆಳಗಿನ ತೀರ್ಪಿನ ಮೇಲೆ ನೇರವಾಗಿ ಹೈಕೋರ್ಟಿಗೆ ಬರುವ ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಅಡಿಯಿಂದ ಮುಡಿಯವರೆಗೆ ಮತ್ತೆ ತೂಗುತ್ತಾರೆ. ನಿಮ್ಮ ಪಾಲಿನ ಆ ತೂಕ ಜಿಲ್ಲಾ ನ್ಯಾಯಾಲಯದಲ್ಲೇ ಮುಗಿದಿದೆ. ನಿಮಗೆ ಉಳಿದಿರುವುದು ಎರಡನೇ ಮೇಲ್ಮನವಿ, ನಾವು ಆರ್‌ಎಸ್‌ಎ ಎನ್ನುವುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮು 1976ರ ತಿದ್ದುಪಡಿಯ ನಂತರ ಬಹಳ ಕಿರಿದಾದ ಬಾಗಿಲು. ಪ್ರಕರಣದಲ್ಲಿ ‘ಕಾನೂನಿನ ಗಣನೀಯ ಪ್ರಶ್ನೆ’ ಇದ್ದರೆ ಮಾತ್ರ ನ್ಯಾಯಮೂರ್ತಿಗಳು ಅದನ್ನು ಬರೆದು ದಾಖಲಿಸಿ ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸುತ್ತಾರೆ. ಇಲ್ಲದಿದ್ದರೆ ನಿಮ್ಮ ಚಿಕ್ಕಪ್ಪನಿಗೆ ನೋಟಿಸ್ ಕೂಡ ಹೋಗದೆ ಮೊದಲ ಹಂತದಲ್ಲೇ ವಜಾ.

ನನ್ನ ಮೊದಲ ಆರ್‌ಎಸ್‌ಎಗೆ ಎರಡು ರಾತ್ರಿ ಕೂತು ತಯಾರಿ ಮಾಡಿದ್ದೆ. ನ್ಯಾಯಮೂರ್ತಿಗಳು ಕೇಳಿದ್ದು ಒಂದೇ ಮಾತು: ‘ಕಾನೂನಿನ ಪ್ರಶ್ನೆ ಯಾವುದು?’ ನಾನು, ಎರಡನೇ ಸಾಕ್ಷಿ ಸುಳ್ಳು ಹೇಳಿದ್ದಾನೆ ಎಂದು ಶುರುಮಾಡಿದೆ. ಐದು ನಿಮಿಷವೂ ಆಗಲಿಲ್ಲ.

ಹಾಗಾಗಿ ಆ ಪಂಚರನ್ನು ಮರೆತುಬಿಡಿ. ಅವರ ಮಾತನ್ನು ಎರಡು ನ್ಯಾಯಾಲಯಗಳು ನಂಬಿವೆ. ನಂಬಬಾರದಿತ್ತು ಎಂಬುದು ವಾಸ್ತವಾಂಶದ ಜಗಳ. ಬದಲಿಗೆ ಆ ಪಾಲುಪಟ್ಟಿಯನ್ನೇ ಕೈಗೆತ್ತಿಕೊಳ್ಳಿ. ಅದು ನೋಂದಣಿಯಾಗಿಲ್ಲ ಎಂದು ಬರೆದಿದ್ದೀರಿ. ಅದರ ವಾಕ್ಯಗಳನ್ನು ನಿಧಾನವಾಗಿ ಓದಿ. ‘ಈ ಹಿಂದೆ ಬಾಯಿಮಾತಿನಲ್ಲಿ ಪಾಲಾಗಿದೆ, ನೆನಪಿಗೆ ಬರೆದಿಟ್ಟಿದ್ದೇವೆ’ ಎಂದಿದ್ದರೆ ನೋಂದಣಿ ಬೇಕಾಗಿಲ್ಲ, ನಿಮ್ಮ ಕೈ ಸೋತಂತೆ. ‘ಈ ದಿನ ಈ ಪತ್ರದ ಮೂಲಕ ಇಂತಿಂಥ ಸರ್ವೆ ನಂಬರು ಇಂಥವರಿಗೆ’ ಎಂದಿದ್ದರೆ ಪಾಲು ಮಾಡಿದ್ದೇ ಆ ಪತ್ರ. ಆಗ 1908ರ ನೋಂದಣಿ ಕಾಯ್ದೆಯ 17 ಮತ್ತು 49ನೇ ಕಲಮುಗಳು ಅಡ್ಡ ಬರುತ್ತವೆ. ನೋಂದಣಿಯಿಲ್ಲದ ಅಂಥ ಪತ್ರದಿಂದ ಪಾಲಾಯಿತೆಂದು ರುಜುವಾತು ಮಾಡಲಾಗದು, ಸ್ವಾಧೀನ ಯಾರದು ಎಂಬಂಥ ಪಕ್ಕದ ಸಂಗತಿಗಷ್ಟೇ ಅದನ್ನು ನೋಡಬಹುದು. ಕೆಳಗಿನ ಎರಡೂ ನ್ಯಾಯಾಲಯಗಳು ಇದನ್ನು ಗಮನಿಸದೆ ಆ ಪತ್ರದ ಮೇಲೆಯೇ ತೀರ್ಪು ಕಟ್ಟಿದ್ದರೆ, ಅದು ನ್ಯಾಯಮೂರ್ತಿಗಳು ಪೆನ್ನು ಎತ್ತಿಕೊಳ್ಳುವ ಪ್ರಶ್ನೆ. ಪಂಚರು ನಿಜವನ್ನೇ ಹೇಳಿದ್ದರೂ ಆ ಪ್ರಶ್ನೆ ಉಳಿಯುತ್ತದೆ. ಅದರ ಬಲವೇ ಅದು.

ನಿಮ್ಮ ಅತ್ತೆಯರ ಪಾಲಿನ ಮಾತೂ ಮೇಲೆ ಬರಬಹುದು, ಸಿದ್ಧರಿರಿ. ಕೇಸು ನಡೆಯುತ್ತಿರುವಾಗಲೇ ಕಾನೂನು ಕಾಲಡಿಯಲ್ಲಿ ಸರಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಸಮಪಾಲು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಗೆದ್ದೆವೆಂದುಕೊಂಡಿದ್ದ ಎಷ್ಟೋ ಗಂಡುಮಕ್ಕಳು ಅಂದು ವಕೀಲರಿಗೆ ಫೋನು ಮಾಡಿದರು.

ಇನ್ನು ಹೊಡೆದಾಟದ ಕೇಸು. ಅದು ಇನ್ನೂ ಮ್ಯಾಜಿಸ್ಟ್ರೇಟರ ಮುಂದೆ ಇದೆ, ಅಲ್ಲಿಯೇ ನಡೆಯಬೇಕು. ಸಿವಿಲ್‌ನಲ್ಲಿ ತಕ್ಕಡಿ ಯಾವ ಕಡೆ ತುಸು ವಾಲಿದರೂ ಸಾಕು. ಕ್ರಿಮಿನಲ್‌ನಲ್ಲಿ ಸಮಂಜಸವಾದ ಸಂದೇಹ ಉಳಿದರೆ ಬಿಡುಗಡೆ. ಅಳತೆಗೋಲೇ ಬೇರೆಯಾದ್ದರಿಂದ ಎರಡನ್ನೂ ಒಂದೇ ಗಾಡಿಗೆ ಕಟ್ಟಲಾಗದು. ಅಲ್ಲಿ ಶಿಕ್ಷೆಯಾದರೆ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ. ಹೈಕೋರ್ಟಿಗೆ ಬರುವುದು ಅದರ ನಂತರ, ಪುನರೀಕ್ಷಣೆಯಾಗಿ. ಆಗಲೂ ಬಾಗಿಲು ಕಿರಿದೇ.

ಸೆಷನ್ಸ್ ಅಥವಾ ವಿಶೇಷ ನ್ಯಾಯಾಲಯವೇ ಶಿಕ್ಷೆ ಕೊಟ್ಟ ಪ್ರಕರಣಗಳಲ್ಲಾದರೆ ಹೈಕೋರ್ಟು ಎಲ್ಲವನ್ನೂ ಮತ್ತೆ ಓದುತ್ತದೆ, ಲೆಕ್ಕವನ್ನೂ ಮತ್ತೆ ಕೂಡುತ್ತದೆ. ಜಯಲಲಿತಾ ಅವರ ಆಸ್ತಿ ಪ್ರಕರಣ ನೆನಪಿರಬೇಕು. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ಶಿಕ್ಷೆ ವಿಧಿಸಿತು. 2015ರ ಮೇ 11ರಂದು ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ, ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 10ಕ್ಕಿಂತ ಕಡಿಮೆ ಎಂದು ಬಿಡುಗಡೆ ಮಾಡಿತು. ಆದರೆ ಆದಾಯಕ್ಕೆ ಸೇರಿಸಿಕೊಂಡಿದ್ದ, ತೀರ್ಪಿನಲ್ಲಿನ ಸಾಲದ ಪಟ್ಟಿಯನ್ನು ಕೂಡಿದರೆ ಬರುತ್ತಿದ್ದುದು ಸುಮಾರು 10.67 ಕೋಟಿ, ಬರೆದಿದ್ದುದು 24.17 ಕೋಟಿ. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು. ಕಾಗದ ಓದುವ ನ್ಯಾಯಾಲಯ ಕೂಡುವಾಗಲೂ ತಪ್ಪಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಿಮ್ಮ ಕೇಸಿನಲ್ಲಿ ಹೈಕೋರ್ಟು ಉಪಯೋಗಕ್ಕೆ ಬರುವುದು ರಾಜಿಯಾದರೆ. ಗಾಯಗೊಂಡ ಚಿಕ್ಕಪ್ಪನ ಮಗ ಒಪ್ಪಿದರೆ, ಸಣ್ಣ ಕಲಮುಗಳನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ರಾಜಿಗೆ ಅವಕಾಶವಿಲ್ಲದ ಕಲಮಿದ್ದರೂ, ಇಬ್ಬರೂ ಸೇರಿ ಅರ್ಜಿ ಹಾಕಿ ಪ್ರಕರಣವನ್ನು ರದ್ದುಪಡಿಸಿ ಎಂದು ಹೈಕೋರ್ಟನ್ನು ಕೇಳಬಹುದು. ಸುಪ್ರೀಂ ಕೋರ್ಟಿನ 2012ರ ಗ್ಯಾನ್ ಸಿಂಗ್ ತೀರ್ಪಿನ ನಂತರ ಕುಟುಂಬದೊಳಗಿನ ಇಂಥ ಜಗಳಗಳು ಹಾಗೆ ಮುಗಿಯುತ್ತಿವೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ನಾವು 482 ಎಂದು ಬಾಯಿಪಾಠ ಮಾಡಿದ್ದ ಆ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528 ಆಗಿದೆ. ಹೊಸ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ನನ್ನ ನಾಲಿಗೆ ಇನ್ನೂ ಹೊರಳಿಲ್ಲ.

ಮೇಲ್ಮನವಿಗೆ ಡಿಕ್ರಿಯ ದಿನದಿಂದ 90 ದಿನ ಇದೆ. ದೃಢೀಕೃತ ನಕಲಿಗೆ ಅರ್ಜಿ ಹಾಕಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹಾಕಿ. ನಕಲು ತಯಾರಾಗಲು ಹಿಡಿದ ದಿನಗಳು ಆ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಚಿಕ್ಕಪ್ಪ ಜಮೀನು ಮಾರುತ್ತಾರೆಂಬ ಭಯವಿದ್ದರೆ ಮೇಲ್ಮನವಿಯ ಜೊತೆಗೇ ತಡೆಯಾಜ್ಞೆಯ ಅರ್ಜಿಯೂ ಇರಲಿ, ಮೇಲ್ಮನವಿ ಹಾಕಿದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ವಕೀಲರ ಹತ್ತಿರ ಹೋಗುವಾಗ ಎರಡೂ ತೀರ್ಪುಗಳ ಮೇಲೆ ಆ ಪಾಲುಪಟ್ಟಿಯನ್ನಿಟ್ಟು ಕೊಡಿ. ಪಂಚರ ಕಥೆಯನ್ನು ಅವರು ಕೇಳಿದರೆ ಹೇಳಿದರಾಯಿತು.